ಜನಾದೇಶ ಮತ್ತು ಮನುಷ್ಯಸ್ವಭಾವ

ಪ್ರತಿ ಚುನಾವಣೆಯ ಫಲಿತಾಂಶ ಹೊರಬಿದ್ದ ಮಾರನೆಯ ದಿನ ನಮ್ಮಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಗೆದ್ದವರು ‘ಇದು ಜನತಾ ಜನಾರ್ದನನ ತೀರ್ಪು, ಇನ್ನು ಯಾರೂ ಪ್ರಶ್ನಿಸುವಂತಿಲ್ಲ’ ಎನ್ನುತ್ತಾರೆ. ಸೋತವರ ಪರವಾಗಿದ್ದ ವಿದ್ಯಾವಂತರು ‘ಹಣಕ್ಕೂ ಜಾತಿಗೂ ಮತ ಹಾಕುವ ಈ ಜನಕ್ಕೆ ಪ್ರಜಾಪ್ರಭುತ್ವ ಏಕೆ ಬೇಕಿತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ವಾಗ್ವಾದಕ್ಕೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ.

1762ರಲ್ಲಿ ರೂಸೋ ಎರಡು ಮಹತ್ವದ ಗ್ರಂಥಗಳನ್ನು ಪ್ರಕಟಿಸಿದ. ಮನುಷ್ಯ ಹುಟ್ಟಿನಿಂದ ಒಳ್ಳೆಯವನು, ಅವನನ್ನು ಕೆಡಿಸುವುದು ಸಮಾಜ ಎಂಬುದು ‘ಎಮಿಲಿ’ಯ ಮೂಲ ನಂಬಿಕೆ. ಪರಮಾಧಿಕಾರ ಜನರದು, ಅವರ ಸಾಮೂಹಿಕ ಸಂಕಲ್ಪವೇ ಕಾನೂನು ಎಂಬುದು ‘ಸಾಮಾಜಿಕ ಒಪ್ಪಂದ’ದ ಪ್ರತಿಪಾದನೆ. 1789ರಲ್ಲಿ ಫ್ರಾನ್ಸಿನ ಮಾನವ ಹಕ್ಕುಗಳ ಘೋಷಣೆ, ಪರಮಾಧಿಕಾರ ರಾಷ್ಟ್ರದಲ್ಲೇ ನೆಲೆಸಿದೆ ಎಂದು ಸಾರಿತು.

ಈ ಆಶಾವಾದಕ್ಕೆ ಮೊದಲ ಗಂಭೀರ ಪ್ರತಿವಾದ ಹೂಡಿದವನು ಬ್ರಿಟನ್ನಿನ ಸಂಸದ ಎಡ್ಮಂಡ್ ಬರ್ಕ್. ಕಡಿವಾಣವಿಲ್ಲದ ಜನಶಕ್ತಿ ಕಡಿವಾಣವಿಲ್ಲದ ರಾಜಶಕ್ತಿಯಷ್ಟೇ ಅಪಾಯಕಾರಿ. ತಲೆಮಾರುಗಳ ಅನುಭವದಿಂದ ರೂಪುಗೊಂಡ ಸಂಸ್ಥೆಗಳನ್ನು ಒಂದೇ ಏಟಿಗೆ ಕೆಡವಿದರೆ ಕೊನೆಗೆ ಒಬ್ಬ ಸೇನಾನಿಯೇ ಒಡೆಯನಾಗುತ್ತಾನೆ ಎಂದು ಅವನು 1790ರಲ್ಲೇ ಎಚ್ಚರಿಸಿದ. 1793–94ರ ಭೀತಿಯ ಆಳ್ವಿಕೆಯಲ್ಲಿ ವಿಚಾರಣೆ, ತೀರ್ಪುಗಳ ಹೆಸರಿನಲ್ಲೇ ಸುಮಾರು 17 ಸಾವಿರ ಮಂದಿಯ ತಲೆದಂಡವಾಯಿತು. 1799ರಲ್ಲಿ ನೆಪೋಲಿಯನ್ ಅಧಿಕಾರ ಹಿಡಿದ.

ಸವಾಯ್ ಪ್ರಾಂತದ ಜೋಸೆಫ್ ದ ಮೇಸ್ತ್ರ್ ಇನ್ನೂ ಮುಂದೆ ಹೋದ. ಮನುಷ್ಯ ಪಾಪದಲ್ಲೇ ಹುಟ್ಟಿದವನು, ಪರಮಾಧಿಕಾರ ದೈವದತ್ತ, ಸಮಾಜ ನಿಂತಿರುವುದು ಗಲ್ಲಿಗೇರಿಸುವವನ ಭಯದ ಮೇಲೆ ಎಂಬುದು ಅವನ ವಾದ. ಇಲ್ಲೇ ಒಂದು ಬಿರುಕು ಕಾಣುತ್ತದೆ. ಮನುಷ್ಯರೆಲ್ಲರೂ ಕೆಟ್ಟವರೆಂದಾದರೆ ಸಿಂಹಾಸನದ ಮೇಲೆ ಕುಳಿತವನು ಯಾವ ಲೋಕದವನು? ಪ್ರಜೆಯನ್ನು ನಂಬದವನು ಪ್ರಭುವನ್ನು ನಂಬುವುದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ.

ಬರ್ಕ್ ಈ ದೋಷದಿಂದ ಬಹುಮಟ್ಟಿಗೆ ಪಾರಾದ. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ಅನಾಚಾರಗಳಿಗಾಗಿ ವಾರನ್ ಹೇಸ್ಟಿಂಗ್ಸ್‌ನನ್ನು ಬ್ರಿಟಿಷ್ ಸಂಸತ್ತಿನ ಕಟಕಟೆಗೆ ಎಳೆದು ತಂದವನೂ ಅವನೇ. 1788ರಲ್ಲಿ ಆರಂಭವಾದ ವಿಚಾರಣೆ 1795ರಲ್ಲಿ ಹೇಸ್ಟಿಂಗ್ಸ್‌ನ ಖುಲಾಸೆಯೊಂದಿಗೆ ಮುಗಿಯಿತು. ಆದರೆ ಅಧಿಕಾರ ಯಾರ ಕೈಯಲ್ಲಿದ್ದರೂ ಅದು ಉತ್ತರದಾಯಿಯಾಗಿರಬೇಕು ಎಂಬ ತತ್ತ್ವ ಉಳಿಯಿತು.

ನಮ್ಮ ಸಂವಿಧಾನ ನಿಂತಿರುವುದು ಈ ಎರಡು ನಿಲುವುಗಳ ನಡುವೆ. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿದ್ದ ದೇಶದಲ್ಲಿ ಪ್ರತಿಯೊಬ್ಬ ವಯಸ್ಕನಿಗೂ ಮತಾಧಿಕಾರ ಕೊಟ್ಟದ್ದು ಜನರ ಮೇಲಿಟ್ಟ ಅಸಾಧಾರಣ ನಂಬಿಕೆ. ಮೂಲಭೂತ ಹಕ್ಕುಗಳು, ಸ್ವತಂತ್ರ ನ್ಯಾಯಾಂಗ, ಒಕ್ಕೂಟ ವ್ಯವಸ್ಥೆಗಳು ಅದೇ ಜನರ ಮೇಲೂ ಅವರ ಪ್ರತಿನಿಧಿಗಳ ಮೇಲೂ ಇಟ್ಟ ವಿವೇಕದ ಅನುಮಾನ. ರಾಜಕಾರಣದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿಯಾಗುತ್ತದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಎಚ್ಚರಿಸಿದ್ದರು. ಆದರೆ ಮತಪೆಟ್ಟಿಗೆಯನ್ನು ಕಸಿದುಕೊಳ್ಳುವುದು ಅದಕ್ಕೆ ಪರಿಹಾರವೆಂದು ಅವರು ಹೇಳಲಿಲ್ಲ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1973ರಲ್ಲಿ 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದು ಎಂದಿತು. ಹಾಗೆಂದು ಪಂಡಿತರೇ ಸದಾ ಕಾಪಾಡುತ್ತಾರೆಂದು ಭಾವಿಸುವಂತಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅದೇ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬಂಧಿತರಿಗೆ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿದರು. ಮರುವರ್ಷ ಆ ಸರ್ಕಾರವನ್ನು ಕೆಳಗಿಳಿಸಿದವರು ಮತದಾರರು, ಅವರಲ್ಲಿ ಬಹಳಷ್ಟು ಮಂದಿ ಅನಕ್ಷರಸ್ಥರು. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ನೀಡಿತು. ‘ಜನ’ ಎಂಬುದು ಒಂದೇ ದನಿಯಲ್ಲಿ ಮಾತನಾಡುವ ಮೂರ್ತಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಸಂಪ್ರದಾಯವಾದಿಗಳ ಪ್ರಶ್ನೆಯನ್ನು ಒಪ್ಪೋಣ, ಅವರ ಉತ್ತರವನ್ನಲ್ಲ. ಮನುಷ್ಯ ಸಹಜವಾಗಿ ಒಳ್ಳೆಯವನೆಂಬ ಭರವಸೆಯಿಲ್ಲ. ಅದಕ್ಕಾಗಿಯೇ ಯಾರಿಗೂ ಪೂರ್ಣ ಅಧಿಕಾರ ಕೊಡಬಾರದು: ಬಹುಮತ ಗಳಿಸಿದ ನಾಯಕನಿಗೂ ಇಲ್ಲ, ಜನರಿಗಿಂತ ತಾನು ಬಲ್ಲವನೆಂದುಕೊಂಡ ಮೇಲ್ವರ್ಗಕ್ಕೂ ಇಲ್ಲ. ಜನಾದೇಶದ ಹೆಸರಿನಲ್ಲಿ ನ್ಯಾಯಾಲಯ, ಪತ್ರಿಕೆ, ವಿರೋಧಪಕ್ಷಗಳ ಬಾಯಿ ಮುಚ್ಚಿಸಬೇಕೆನ್ನುವವರು ರೂಸೋವಿನ ಅತಿ ಭರವಸೆಯನ್ನು ದುರ್ಬಳಕೆ ಮಾಡಿಕೊಳ್ಳುತ್ತಿದ್ದಾರೆ. ಮತದಾರನನ್ನೇ ಹಳಿಯುತ್ತ, ಮತಗಟ್ಟೆಗೂ ಹೋಗದೆ ಮನೆಯಲ್ಲಿ ಕುಳಿತ ನಾವು ಮೇಸ್ತ್ರನ ಹಾದಿಯಲ್ಲಿದ್ದೇವೆ. ಇವೆರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂಬುದನ್ನು ವಿದ್ಯಾವಂತರು ಮೊದಲು ತಮ್ಮನ್ನೇ ಕೇಳಿಕೊಳ್ಳುವುದು ಒಳಿತು.