ಕಡೆಯ ದಿನದ ಪಂಚಾಂಗ

ಕಳೆದ ತಿಂಗಳು ಮಧುಗಿರಿಯ ಸಂತೆಯಲ್ಲಿ ನನ್ನ ಕೈಗೊಂದು ಕರಪತ್ರ ಬಂದಿತು. ಲೋಕದ ಅಂತ್ಯ ಸಮೀಪಿಸಿದೆ. ಶಿರಾ, ಕೊರಟಗೆರೆ, ಪಾವಗಡಗಳನ್ನು ಬಿಡದೆ ಕಾಡುವ ಬರವೇ ಅದಕ್ಕೆ ಗುರುತು. ಇದು ಜನರ ಪಾಪಕ್ಕೆ ದೇವರು ವಿಧಿಸಿದ ದಂಡನೆ ಎಂಬುದು ಅದರ ಸಾರ. ನಕ್ಕು ಮಡಿಸಿಟ್ಟೆ.

ಮರುವಾರ ಪಾವಗಡದ ಕಡೆಯ ವಿದ್ಯಾರ್ಥಿಯೊಬ್ಬ ಪರೀಕ್ಷೆಯ ಶುಲ್ಕ ಕಟ್ಟದೆ ಉಳಿದುದು ತಿಳಿಯಿತು. ವಿಚಾರಿಸಿದರೆ, "ಎಲ್ಲಾ ಮುಗಿಯೋ ಕಾಲ ಬಂತಂತಲ್ಲ ಸಾರ್" ಎಂದ. ಅವನ ತಾತ ಮಂಡಿ ಬಾಗಿ ಏಳಲಾರದೆ ಕೂತಿದ್ದಾರೆ. ಅದೂ ಪಾಪದ ಫಲವೆಂದು ಪ್ರಾರ್ಥನೆಗೆ ಬಂದವರು ಹೇಳಿಹೋದರಂತೆ. ನನ್ನ ನಗು ಅಲ್ಲಿಗೆ ನಿಂತಿತು.

ನಾನೂ ಕ್ರೈಸ್ತನೇ, ಅಂತ್ಯವನ್ನೂ ತೀರ್ಪನ್ನೂ ನಂಬುವವನು. ಆದುದರಿಂದಲೇ ಸುಮ್ಮನಿರಲಾರೆ.

ವೈದ್ಯರ ಪ್ರಕಾರ ಆ ಹಿರಿಯರ ಮಂಡಿ ಬಾಗಿಸಿದ್ದು ನೀರಿನ ಫ್ಲೋರೈಡು. ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ, ಗ್ರಾನೈಟು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮು ಮೀರಿದ ಫ್ಲೋರೈಡು ಕುಡಿಯುವ ನೀರಿನಲ್ಲಿ ಇರಕೂಡದೆಂದು ನಿಯಮವಿದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಮೂಳೆ ಸೆಟೆಯುತ್ತದೆ. ಇದರಲ್ಲಿ ಪಾಪವೇನಾದರೂ ಇದ್ದರೆ ಅದು ಕುಡಿದವರದಲ್ಲ.

ಬರವೇ ಅಂತ್ಯದ ಗುರುತಾದರೆ 1876-78ರ ಧಾತು ಈಶ್ವರದ ಬರಕ್ಕಿಂತ ದೊಡ್ಡ ಗುರುತು ಬೇಕೆ? 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕಿಂತ ಕಡಮೆಯಾದರು. ಲೋಕ ಮುಗಿಯಲಿಲ್ಲ, ಬಡವರು ಮುಗಿದರು.

ತೇದಿ ಇಟ್ಟವರ ಗತಿಯನ್ನೂ ನೋಡಿದ್ದೇವೆ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ. ಮರುದಿನ ಎಂದಿನಂತೆ ಬೆಳಗಾಯಿತು. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸುವೇ ಆ ದಿನ ತನಗೂ ತಿಳಿಯದೆಂದಿದ್ದಾನೆ. ಮಗನಿಗೆ ತಿಳಿಯದ್ದು ಕರಪತ್ರದವರಿಗೆ ತಿಳಿದೀತೆ? ಕಾಲಜ್ಞಾನ ಕೇಳಿ ಬೆಳೆದ ನಮ್ಮ ಗಡಿಯ ಊರುಗಳಲ್ಲಿ ಇಂಥ ಮಾತಿಗೆ ಬೇಗ ಕಿವಿ ಸಿಕ್ಕುತ್ತದೆ. ಆ ಕಿವಿಯನ್ನು ಹೆದರಿಸಲು ಬಳಸುವುದು ಧರ್ಮವಲ್ಲ.

ಪ್ರಕಟನೆಯ ಗ್ರಂಥದಲ್ಲಿ ಘೋರ ಉಪದ್ರವಗಳಿಲ್ಲವೆ ಎನ್ನುವವರುಂಟು. ಇವೆ. ಆದರೆ ಅದು ರೋಮಿನ ದರ್ಪದಡಿ ನಲುಗುತ್ತಿದ್ದ ಏಷ್ಯಾಮೈನರಿನ ಏಳು ಸಭೆಗಳಿಗೆ ಬರೆದ ಧೈರ್ಯದ ಓಲೆ. ಅಲ್ಲಿ ಬಾಬೆಲಿನ ಪತನಕ್ಕೆ ಗೋಳಿಡುವವರು ರಾಜರು, ವರ್ತಕರು, ಗುಡಿಸಲಿನವರಲ್ಲ.

ತೀರ್ಪಿನ ಚಿತ್ರ ಬೇಕಾದವರು ಮತ್ತಾಯನ 25ನೆಯ ಅಧ್ಯಾಯವನ್ನು ಓದಲಿ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಆ ಹೋಲಿಕೆಯನ್ನು ಶಿರಾ ಸೀಮೆಯ ಕುರಿಗಾಹಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ದೊರೆ ಕೇಳುವುದು ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಕಾಯಿಲೆಯವನನ್ನು ನೋಡಿಬಂದೆಯಾ ಎಂದು. ಅಂತ್ಯದ ತೇದಿ ಬಲ್ಲೆಯಾ ಎಂದು ಕೇಳುವುದಿಲ್ಲ. ಪಾವಗಡದ ಬಾಯಾರಿಕೆ ಅಲ್ಲಿಯವರ ಮೇಲಿನ ತೀರ್ಪಲ್ಲ. ನಮ್ಮನ್ನು ಕೇಳುತ್ತಿರುವ ಪ್ರಶ್ನೆ. ತಿರುಮಣಿಯ ಸುತ್ತ 13,000 ಎಕರೆಯ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತು ತೆಗೆಯಬಲ್ಲ ಸರ್ಕಾರವೂ ಆ ಪ್ರಶ್ನೆಗೆ ಉತ್ತರ ಹೇಳಬೇಕು.

ನಾನೂ ಹೇಳಬೇಕು. ಅಧ್ಯಾಪಕರ ಕೊಠಡಿಯಲ್ಲಿ ಶುದ್ಧೀಕರಿಸಿದ ನೀರು ಕುಡಿಯುತ್ತ ಇಷ್ಟು ವರ್ಷ ಪಾಠ ಹೇಳಿದವನು, ಊರಿನಲ್ಲಿ ಏನು ಕುಡಿಯುತ್ತೀಯಪ್ಪ ಎಂದು ಒಬ್ಬ ಹುಡುಗನನ್ನೂ ಕೇಳಿರಲಿಲ್ಲ.

ಆ ವಿದ್ಯಾರ್ಥಿ ಈಗ ಶುಲ್ಕ ಕಟ್ಟಿದ್ದಾನೆ. ಮುಂದಿನ ಸಲ ಅವನ ಮನೆಗೆ ಪ್ರಾರ್ಥನೆಗೆ ಹೋಗುವವರು ಒಂದು ಕೊಡ ಒಳ್ಳೆಯ ನೀರನ್ನೂ ಹೊತ್ತು ಹೋಗಲಿ. ಜೊತೆಗೆ ನಾನೂ ಬರುತ್ತೇನೆ.