ವಿಕಿರಣದ ಲೆಕ್ಕ ಜನರ ಕಣ್ಣೆದುರಿಗೂ ಇರಲಿ

ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಪರಿಸರದ ಕನ್ನಡಿಗರಿಗೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಹೊಸತೇನಲ್ಲ. ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರೇ ಅದರ ನಿರ್ದೇಶಕರಾಗಿದ್ದವರು. 1956ರಲ್ಲಿ ಅಪ್ಸರಾ, 1960ರಲ್ಲಿ ಸೈರಸ್, 1985ರಲ್ಲಿ ಧ್ರುವ, ಹೀಗೆ ಒಂದರ ಹಿಂದೊಂದು ರಿಯಾಕ್ಟರುಗಳು ಅಲ್ಲಿ ಬಂದವು. ಉತ್ತರಕ್ಕೆ ಹೋದರೆ 1969ರ ತಾರಾಪುರ, ಊರ ಕಡೆ ಕಾಳಿ ನದಿಯ ದಡದಲ್ಲಿ ಕೈಗಾ. ಇಷ್ಟಿದ್ದೂ, ಇಂದು ಗಾಳಿಯಲ್ಲಿ ವಿಕಿರಣ ಎಷ್ಟಿದೆ ಎಂದು ಕೇಳಿದರೆ ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಅಳತೆಯೇ ನಡೆಯುತ್ತಿಲ್ಲ ಎಂದು ದೂರುವುದು ಮಾತ್ರ ಅನ್ಯಾಯವಾದೀತು. ಸ್ಥಾವರಗಳ ಚಿಮಣಿಯಲ್ಲಿ ಹೊರಹೋಗುವ ಗಾಳಿಯನ್ನು ಸತತವಾಗಿ ಪರೀಕ್ಷಿಸಲಾಗುತ್ತದೆ. ಸುತ್ತಲಿನ ಹಾಲು, ಮೀನು, ತರಕಾರಿಯ ಮಾದರಿಗಳನ್ನೂ ತಪಾಸಣೆ ಮಾಡಲಾಗುತ್ತದೆ. ದೇಶದ ನಾನಾ ಕಡೆ ನಿಲ್ಲಿಸಿರುವ ಸ್ವಯಂಚಾಲಿತ ಮಾಪಕಗಳು ಗಾಮಾ ವಿಕಿರಣವನ್ನು ಅಳೆದು ಟ್ರಾಂಬೆಗೆ ಮಾಹಿತಿ ಕಳುಹಿಸುತ್ತವೆ. ಸ್ಥಾವರಗಳಿಂದ ಸಾರ್ವಜನಿಕರಿಗೆ ತಗಲಬಹುದಾದ ವಿಕಿರಣಕ್ಕೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ಇದೆ. ವಾಸ್ತವದಲ್ಲಿ ತಗಲುವುದು ಇದರ ಅಲ್ಪಾಂಶ ಎಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಗಳು ಹೇಳುತ್ತವೆ.

ಆದರೆ ವರ್ಷಕ್ಕೊಮ್ಮೆ ಬರುವ ಬ್ಯಾಲೆನ್ಸ್ ಶೀಟಿನಿಂದ ಖಾತೆದಾರನ ಕೆಲಸ ಆಗುವುದಿಲ್ಲ. ಅವನಿಗೆ ಬೇಕಾದದ್ದು ಪಾಸ್‌ಬುಕ್ಕಿನ ಇಂದಿನ ಎಂಟ್ರಿ.

ಇಂದಿನ ಎಂಟ್ರಿ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಫುಕುಶಿಮಾ ಸಾಕ್ಷಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ಹೊಡೆತಕ್ಕೆ ಅಲ್ಲಿನ 24 ಮಾಪನ ಕೇಂದ್ರಗಳಲ್ಲಿ 23 ಕೆಲಸಕ್ಕೆ ಬಾರದಾದವು. ಗಾಳಿ ಯಾವ ಕಡೆಗೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಸರಕಾರದ ಬಳಿ ಇತ್ತು, ಅದರ ಫಲಿತಾಂಶ ಜನರಿಗೆ ಸಿಕ್ಕಿದ್ದು ಮಾರ್ಚ್ 23ಕ್ಕೆ. ಅಷ್ಟರಲ್ಲಿ ನಾಮಿಯೆ ಪಟ್ಟಣದವರು ಮಕ್ಕಳುಮರಿ ಸಮೇತ ತ್ಸುಶಿಮಾ ಎಂಬಲ್ಲಿಗೆ ಹೋಗಿ ಆಶ್ರಯ ಪಡೆದಿದ್ದರು. ವಿಕಿರಣವನ್ನು ಹೊತ್ತ ಗಾಳಿ ಬೀಸಿದ್ದೂ ಅತ್ತಲೇ! 1986ರಲ್ಲಿ ಚೆರ್ನೋಬಿಲ್ ಸುದ್ದಿ ಜಗತ್ತಿಗೆ ಗೊತ್ತಾದದ್ದಾದರೂ ಹೇಗೆ? ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ವೀಡನ್ನಿನ ಸ್ಥಾವರವೊಂದರಲ್ಲಿ ನೌಕರನ ಬೂಟಿಗೆ ಅಂಟಿದ್ದ ಧೂಳಿನಿಂದ. ಆ ಪಾಠ ಕಲಿತ ಜರ್ಮನಿ ಇಂದು ಸುಮಾರು 1,700 ಮಾಪಕಗಳ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದೆ.

ಅಂಕಿ ತೋರಿಸಿದರೆ ಜನ ಗಾಬರಿಯಾಗುತ್ತಾರೆ ಎಂಬ ವಾದ ಇದೆ. ಸ್ವಲ್ಪ ನಿಜವೂ ಹೌದು. ಜೋರು ಮಳೆ ಬಂದರೆ ಗಾಳಿಯಲ್ಲಿ ಸಹಜವಾಗಿರುವ ರೇಡಾನ್‌ನಿಂದ ಹುಟ್ಟಿದ ಕಣಗಳು ನೆಲಕ್ಕಿಳಿದು ಮಾಪಕದ ಮುಳ್ಳು ಮೇಲೇರುತ್ತದೆ, ಒಂದೆರಡು ತಾಸಿನಲ್ಲಿ ಇಳಿಯುತ್ತದೆ. ಮುಂಬಯಿಯ ಮಳೆಗಾಲ ಕಂಡವರಿಗೆ ಇದು ಎಷ್ಟು ಬಾರಿ ಆದೀತೆಂದು ಬಿಡಿಸಿ ಹೇಳಬೇಕಿಲ್ಲ. ದಿನವೂ ಬೋರ್ಡು ನೋಡುವವನಿಗೆ ಮಳೆಯ ಏರಿಕೆ ಯಾವುದು, ಬೇರೆಯದು ಯಾವುದು ಎಂಬ ಅಂದಾಜು ತಾನಾಗಿ ಬರುತ್ತದೆ. ಗಾಬರಿ ಬೀಳುವವನು ಅಂಕಿಯನ್ನೇ ಎಂದೂ ಕಾಣದವನು.

ಇನ್ನೊಂದು ಮಾತು ಕೈಗಾದ ಬಗ್ಗೆ. ಅಲ್ಲಿರುವುದು ಭಾರಜಲದ ರಿಯಾಕ್ಟರುಗಳು; ಅವುಗಳಿಂದ ಹೊರಬರುವ ಟ್ರೀಷಿಯಂ ಗಾಮಾ ಮಾಪಕಕ್ಕೆ ಕಾಣಿಸುವುದೇ ಇಲ್ಲ. 2009ರ ನವೆಂಬರಿನಲ್ಲಿ ವಾಟರ್ ಕೂಲರಿಗೆ ಟ್ರೀಷಿಯಂ ಸೇರಿದ ಪ್ರಕರಣ ನೆನಪಿರಬಹುದು. ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಹೊಕ್ಕದ್ದು ಮೂತ್ರ ಪರೀಕ್ಷೆಯಿಂದ ಬೆಳಕಿಗೆ ಬಂತು. ಆದುದರಿಂದ ಗಾಮಾ ಬೋರ್ಡು ಹಾಕಿ ಕೈತೊಳೆದುಕೊಂಡರೆ ಸಾಲದು. ಟ್ರೀಷಿಯಂ ಅಳತೆಯನ್ನು ಕನಿಷ್ಠ ವಾರಕ್ಕೊಮ್ಮೆ, ಕನ್ನಡದಲ್ಲಿ, ಸುತ್ತಲಿನ ಗ್ರಾಮ ಪಂಚಾಯತಿಗಳಲ್ಲಿ ತೂಗುಹಾಕಬೇಕು. 700 ಮೆಗಾವಾಟಿನ ಇನ್ನೆರಡು ಘಟಕಗಳು ಅಲ್ಲಿ ತಲೆಯೆತ್ತಲಿರುವಾಗ ಈ ಬೇಡಿಕೆಗೆ ಇದೇ ಸಕಾಲ.

ಮುಂಬಯಿಯಲ್ಲಿ ಹೊಗೆ, ಧೂಳಿನ ಪ್ರಮಾಣ ತೋರಿಸುವ ಫಲಕಗಳು 2015ರಿಂದಲೇ ಬಂದಿವೆ. ಅಂಥ ಫಲಕದಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳಿಕೊಳ್ಳುವಂಥ ಖರ್ಚಿಲ್ಲ. ನಿಯಂತ್ರಣ ಮಂಡಳಿಯ ಪ್ರಧಾನ ಕಚೇರಿ ಇರುವುದೂ ಅಣುಶಕ್ತಿನಗರದಲ್ಲೇ. ಉಪನಗರಗಳ ಕನ್ನಡ ಸಂಘಗಳು ಜಂಟಿಯಾಗಿ ಒಂದು ಮನವಿಪತ್ರ ಬರೆದು, ಖುದ್ದಾಗಿ ಹೋಗಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಲು ಅರ್ಧ ದಿನ ಸಾಕು.