ಪ್ರಾರ್ಥನೆಗೆ ಗೋಡೆ ಬೇಕೆ?

ದೇವರನ್ನು ಪ್ರಾರ್ಥಿಸುವವರ ಲೆಕ್ಕ ತೆಗೆಯಲು ತಾಲ್ಲೂಕು ಕಚೇರಿಯನ್ನು ಹಚ್ಚಿದ ಕೀರ್ತಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಸಲ್ಲತಕ್ಕದ್ದು. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು, ತಮ್ಮ ತಾಯಿಯವರೇ ಕ್ರೈಸ್ತ ಮತಕ್ಕೆ ಸೇರಿಹೋದರೆಂದೂ ಕ್ಷೇತ್ರದಲ್ಲಿ ಸಾವಿರಾರು ಮಂದಿ ಮತಾಂತರಗೊಂಡಿದ್ದಾರೆಂದೂ ವಿಧಾನಸಭೆಯಲ್ಲಿ ಹೇಳಿದರು. ವಿಚಾರಣೆಗೆ ಹೋದ ತಹಶೀಲ್ದಾರರು ಬಲವಂತದ ಮತಾಂತರ ಕಂಡುಬರಲಿಲ್ಲವೆಂದು ವರದಿ ಕೊಟ್ಟರು. ಅನಂತರ ಅವರಿಗೆ ವರ್ಗವಾಯಿತು. 2022ರಲ್ಲಿ ಮತಾಂತರ ವಿರೋಧಿ ಕಾಯಿದೆ ಬಂತು; 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಕಾಯಿದೆಯ ಗತಿ ಏನೇ ಆಗಲಿ, ಅದರ ಹಿಂದಿದ್ದ ಸಂಶಯ ಮಾತ್ರ ಸಭ್ಯರ ಮನೆಗಳಲ್ಲಿ ಕಾಲು ನೀಡಿ ಕುಳಿತಿದೆ.

ಆ ಸಂಶಯದ ತರ್ಕ ಇಷ್ಟೆ: ಇಗರ್ಜಿಯಲ್ಲಿ ನಡೆದರೆ ಅದು ಪೂಜೆ; ತಗಡಿನ ಮನೆಯಲ್ಲೋ ಬಾಡಿಗೆಯ ಹಾಲಿನಲ್ಲೋ ಮೊಬೈಲಿನಲ್ಲೋ ನಡೆದರೆ ಅದು ಸಂಚು.

ಈ ತರ್ಕಕ್ಕೆ ಚರಿತ್ರೆಯ ಗಂಧವಿಲ್ಲ. ಮೊದಲ ಕ್ರೈಸ್ತರು ಕೂಡಿದ್ದು ಮನೆಗಳಲ್ಲಿ. ಶಿಖರದ ದೇವಾಲಯಗಳು ಬಂದದ್ದು ಎಷ್ಟೋ ಕಾಲದ ಮೇಲೆ. ನಿಘಂಟಿನ ಕಿಟ್ಟೆಲರು 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದರು. ಕ್ಯಾಥೊಲಿಕರ ಬಲಿಪೂಜೆಯಾದರೋ, 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯುವವರೆಗೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. 1967ರಲ್ಲಿ ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಆರಂಭಿಸಿದ ಕೇಂದ್ರ ಪೂಜೆಯನ್ನು ಈ ನೆಲಕ್ಕೆ ಒಗ್ಗಿಸಲು ದುಡಿಯಿತು. ಅಂಜಲಿ, ಆರತಿ, ನೆಲದ ಮೇಲೆ ಕುಳಿತು ಪೂಜಿಸುವುದು ಮೊದಲಾದ 12 ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆಯಿತು. 2020ರ ಸೋಂಕಿನ ಕಾಲದಲ್ಲಿ ಸ್ವತಃ ಪೋಪರ ಪೂಜೆಯೇ ಮನೆಮನೆಯ ಪರದೆಗೆ ಬಂತು. ಹೀಗೆ ಪೂಜೆ ಸದಾ ಭಕ್ತನನ್ನು ಹುಡುಕಿಕೊಂಡು ನಡೆದಿದೆ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಕುಳಿತವನು ಇಂದು ಬೆಂಗಳೂರಿನ ಪ್ರಾರ್ಥನೆಯನ್ನು ಅಂಗೈಯಲ್ಲೇ ಕೇಳಬಹುದೆಂದರೆ, ಅದು ಅದೇ ನಡಿಗೆಯ ಇನ್ನೊಂದು ಹೆಜ್ಜೆ. ವಚನಕಾರರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದ ನಾಡಿನಲ್ಲಿ, ದಾಸರು ತಂಬೂರಿ ಮೀಟುತ್ತ ಬೀದಿ ಸುತ್ತಿದ ನಾಡಿನಲ್ಲಿ, ಇದಕ್ಕೆ ಬೆಚ್ಚಿಬೀಳುವುದು ವಿಚಿತ್ರವಲ್ಲವೆ?

ಹಾಗೆಂದು ಹೊಸ ಕೂಟಗಳಲ್ಲೆಲ್ಲ ಒಳ್ಳೆಯದೇ ತುಂಬಿದೆಯೆಂದು ನಾನು ಹೇಳುವುದಿಲ್ಲ. ಅಲ್ಲಿನ ಕನ್ನಡ ಎಷ್ಟೋ ವೇಳೆ ಇಂಗ್ಲಿಷಿನ ಅಂಗಿ ತೊಟ್ಟ ಕನ್ನಡ. ಕೇಳಿದರೆ ಕಿವಿ ನೋಯುತ್ತದೆ. ಧ್ವನಿವರ್ಧಕದ ಆರ್ಭಟಕ್ಕೆ ದೇವರು ಕಿವುಡನಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುವುದೆಂದು ನಂಬಿಸಿ ಔಷಧಿ ಬಿಡಿಸುವುದು. ಅಂಥವನು ಯಾವ ಮತದವನಾದರೂ ದಂಡನೆಗೆ ಅರ್ಹ. ಮಾಯದ ಮದ್ದಿನ ಜಾಹೀರಾತನ್ನು ತಡೆಯಲು 1954ರ ಕಾಯಿದೆ ಇದೆ. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯಲು ನಮ್ಮ ರಾಜ್ಯದ್ದೇ 2017ರ ಕಾಯಿದೆ ಇದೆ. ವಂಚಕನನ್ನು ಹಿಡಿಯಲು ಇವನ್ನು ಬಳಸಲಿ. ಕಳ್ಳನೊಬ್ಬನಿಗಾಗಿ ಸಂತೆಯನ್ನೇ ಎತ್ತಿಸುವ ನ್ಯಾಯ ಯಾವುದು?

ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಕಟ್ಟನ್ನೂ ಹಾಕಿದೆ. ಮತಪ್ರಸಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಒಪ್ಪೋಣ. ಆದರೆ ತನ್ನ ದೇವರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಅದರಿಂದ ಕುಂದುವುದಿಲ್ಲ. ಕೂಲಿಯವಳೊಬ್ಬಳು ಪ್ರಾರ್ಥನೆಗೆ ಹೋದಳೆಂದರೆ ಆಮಿಷಕ್ಕೇ ಹೋದಳೆಂದು ತೀರ್ಮಾನಿಸುವವರು ಅವಳಿಗೆ ಮನಸ್ಸೊಂದಿದೆ ಎಂಬುದನ್ನೇ ಮರೆಯುತ್ತಾರೆ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದು ಬಳಿಯಲ್ಲಿ ಕೂರಿಸಿಕೊಂಡಿದ್ದರೆ, ಆ ಆದರ ನಮ್ಮ ಅಂಗಳದಲ್ಲಿ ಏಕೆ ದೊರೆಯಲಿಲ್ಲವೆಂದು ಮೊದಲು ನಾವು ಕೇಳಿಕೊಳ್ಳಬೇಕು.

ನಮ್ಮ ಬಡಾವಣೆಗಳ ಹಜಾರಗಳಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತದೆ, ಭಜನೆ ನಡೆಯುತ್ತದೆ. ಪ್ರವಚನಗಳು ಮೊಬೈಲಿನಲ್ಲಿ ಹರಿದುಬರುತ್ತವೆ. ಯಾವ ತಹಶೀಲ್ದಾರರೂ ಬಾಗಿಲು ತಟ್ಟಿ ಲೆಕ್ಕ ಕೇಳುವುದಿಲ್ಲ, ಕೇಳಲೂ ಕೂಡದು. ನಮಗೆ ಇಷ್ಟು ಸಹಜವಾಗಿ ಸಿಕ್ಕಿರುವುದನ್ನು ಪಕ್ಕದ ಮನೆಯವನಿಗೂ ಬಿಟ್ಟುಕೊಡುವುದೇ ನಾಗರಿಕತೆ.